ಹನ್ನೊಂದು ಕಿಲೋ ಚೀಲ ಆರು ಕಿಲೋಗೆ ಇಳಿದದ್ದು: ಕಲಬುರಗಿಯ ಒಂದು ದಾಲ್ ಮಿಲ್ಲಿನ ಪ್ರಕರಣ

ಇದು ಕಲಬುರಗಿಯ ಒಂದು ದಾಲ್ ಮಿಲ್ಲಿನಲ್ಲಿ ನಡೆದದ್ದು. ವ್ಯಾಪಾರಕ್ಕಾಗಿ ಪದೇ ಪದೇ ವಿಮಾನ ಹತ್ತುವ ಒಬ್ಬರು ಕೈಚೀಲದಲ್ಲಿ ಏನು ಒಯ್ಯಬೇಕು, ಏನು ಬಿಡಬೇಕು ಅನ್ನೋದನ್ನು ಹೇಗೆ ತೀರ್ಮಾನಿಸಿದರು ಅನ್ನುವುದಷ್ಟೇ ವಿಷಯ. ಮಿಲ್ಲಿನ ಹೆಸರು, ಗಿರಾಕಿಗಳ ಹೆಸರು, ಕೆಲವು ಊರುಗಳ ಹೆಸರು ಹೇಳಿಲ್ಲ. ಗುರುತು ಹತ್ತುವಂಥ ಒಂದೆರಡು ವಿವರ ಬದಲಿಸಿದ್ದೇನೆ. ಪ್ರಯಾಣ ಮಾಡುವವರನ್ನು ಆಫೀಸಿನಲ್ಲಿ ಎಲ್ಲರೂ ಅಕ್ಕ ಅಂತಾರೆ, ಇಲ್ಲೂ ಹಾಗೇ ಕರೆಯುತ್ತೇನೆ.

ಟಿಕೆಟ್ ತೆಗೆಸೋದು, ಲಾಡ್ಜ್ ನೋಡೋದು, ವಾಪಸ್ ಬಂದಮೇಲೆ ಖರ್ಚಿನ ಬಿಲ್ಲು ಜೋಡಿಸೋದು ನನ್ನ ಕೆಲಸ. ದಾರಿಯಲ್ಲಿ ಏನಾದರೂ ಎಡವಟ್ಟಾದರೆ ಮೊದಲ ಫೋನು ಬರೋದು ನನಗೇ.

ಹಿನ್ನೆಲೆ

ಅಕ್ಕನಿಗೆ ಐವತ್ತರ ಆಸುಪಾಸು. ಮಿಲ್ಲಿನ ಮಾರಾಟ ಪೂರ್ತಿ ಅವರ ತಲೆ ಮೇಲೆ. ಕಲಬುರಗಿ ತೊಗರಿಯ ಬಗ್ಗೆ ಹೊಸದಾಗಿ ಹೇಳೋದೇನಿಲ್ಲ. 2019ರಲ್ಲಿ ಇಲ್ಲಿನ ಬೇಳೆಗೆ ಜಿಐ, ಅಂದರೆ ಭೌಗೋಳಿಕ ಸೂಚಕದ ಗುರುತು ಸಿಕ್ಕಿತು. ಆಮೇಲೆ ನಮ್ಮಂಥ ಸಣ್ಣ ಮಿಲ್ಲಿಗೂ ದೂರದ ಊರಿನ ಪ್ಯಾಕಿಂಗ್ ಕಂಪನಿಯವರು ನೇರವಾಗಿ ಫೋನ್ ಮಾಡತೊಡಗಿದರು. ಫೋನಿನಲ್ಲಿ ದರ ಹೇಳಬಹುದು, ಬೇಳೆ ತೋರಿಸಲು ಆಗಲ್ಲ. ಬಣ್ಣ ಹೇಗಿದೆ, ನುಚ್ಚು ಎಷ್ಟಿದೆ, ಸಿಪ್ಪೆ ಉಳಿದಿದೆಯಾ ಅನ್ನೋದನ್ನು ಗಿರಾಕಿ ಅಂಗೈ ಮೇಲೆ ಹರಡಿಕೊಂಡೇ ನೋಡಬೇಕು. ಹೀಗೆ ಅಕ್ಕನ ಓಡಾಟ ಜಾಸ್ತಿಯಾಯಿತು.

ಅದಕ್ಕೂ ಮೊದಲು ಅವರ ಪ್ರಯಾಣವೆಲ್ಲ ರೈಲಿನದು. ಮುಂಬೈ ಆದರೂ ಅಷ್ಟೇ, ಬೆಂಗಳೂರು ಆದರೂ ಅಷ್ಟೇ, ರಾತ್ರಿ ಹತ್ತಿ ಬೆಳಿಗ್ಗೆ ಇಳಿಯೋದು. ಥ್ರೀ ಟಯರ್ ಎಸಿಯಲ್ಲಿ 40 ಕಿಲೋ, ಟೂ ಟಯರ್‌ನಲ್ಲಿ 50 ಕಿಲೋ ಸಾಮಾನು ಉಚಿತವಾಗಿ ಒಯ್ಯಬಹುದು. ಅದನ್ನೂ ತೂಗಿ ನೋಡುವವರನ್ನು ಅವರು ಕಂಡೇ ಇರಲಿಲ್ಲ. ಸೀಟಿನ ಕೆಳಗೆ ಟ್ರಾಲಿ, ಅದರ ಪಕ್ಕ ಸ್ಯಾಂಪಲ್ ಚೀಲ, ಕೊಕ್ಕೆಗೆ ರೊಟ್ಟಿ ಗಂಟು. ಈ ಅಭ್ಯಾಸವೇ ಮುಂದೆ ಕಾಲಿಗೆ ತೊಡರಿತು.

ಕಲಬುರಗಿಗೆ 2019ರ ನವೆಂಬರ್‌ನಲ್ಲಿ ವಿಮಾನ ನಿಲ್ದಾಣ ಬಂತು, ಸೇಡಂ ರಸ್ತೆಯಲ್ಲಿ, ಶ್ರೀನಿವಾಸ ಸರಡಗಿ ಹತ್ತಿರ. ಆದರೆ ಉತ್ತರದ ಊರುಗಳಿಗೆ ನಮಗೆ ಬೇಕಾದ ದಿನ, ಬೇಕಾದ ಹೊತ್ತಿಗೆ ವಿಮಾನ ಬೇಕೆಂದರೆ ಹೈದರಾಬಾದಿನ ನಿಲ್ದಾಣ ಇರುವ ಶಂಶಾಬಾದೇ ಗತಿ. ಹುಮನಾಬಾದ್, ಜಹೀರಾಬಾದ್ ಮೇಲೆ ಕಾರಿನಲ್ಲಿ ನಾಲ್ಕೈದು ತಾಸು. ಅಂದರೆ ವಿಮಾನದ ಪ್ರಯಾಣಕ್ಕೆ ಮುಂಚೆ ಅರ್ಧ ದಿನದ ರಸ್ತೆ ಪ್ರಯಾಣ ಇದ್ದೇ ಇದೆ. ಬೇರೆ ಊರಿನವರು ಬರೆದ ಪ್ಯಾಕಿಂಗ್ ಸಲಹೆಗಳಲ್ಲಿ ಈ ಅರ್ಧ ದಿನದ ಸುದ್ದಿಯೇ ಇರಲ್ಲ.

ಇನ್ನೆರಡು ಮಾತು ಹೇಳಿಬಿಡಬೇಕು. ಹೊಸ ತೊಗರಿ ಡಿಸೆಂಬರ್ ಕೊನೆಗೆ ಗಂಜಿಗೆ, ಅಂದರೆ ಕಾಳಿನ ಸಗಟು ಮಾರುಕಟ್ಟೆಗೆ, ಬರಲು ಶುರುವಾಗುತ್ತದೆ. ಜನವರಿ, ಫೆಬ್ರವರಿ ಪೂರ್ತಿ ಆವಕ ಜೋರು. ನಮ್ಮ ವ್ಯಾಪಾರ ಕುದುರುವ ಆ ಕಾಲವೇ ದೆಹಲಿ ಕಡೆ ಮಂಜು ಮುಸುಕುವ ಕಾಲ, ವಿಮಾನಗಳು ತಾಸುಗಟ್ಟಲೆ ತಡವಾಗುವ ಕಾಲ. ಎರಡನೆಯದು, ಅಕ್ಕನಿಗೆ ಸಕ್ಕರೆ ಕಾಯಿಲೆ. ಊಟಕ್ಕೆ ಮುಂಚೆ ದಿನಕ್ಕೆ ಎರಡು ಹೊತ್ತು ಇನ್ಸುಲಿನ್ ತಗೋಬೇಕು.

ತೊಂದರೆ ಶುರುವಾದದ್ದು

ವಿಮಾನದ ಓಡಾಟ ಶುರುವಾದಾಗ ಅಕ್ಕ ರೈಲಿನ ಟ್ರಾಲಿಯನ್ನೇ ತುಂಬಿ ಚೆಕ್-ಇನ್ ಮಾಡುತ್ತಿದ್ದರು. ಕೈಯಲ್ಲಿ ಪರ್ಸು, ಲ್ಯಾಪ್‌ಟಾಪ್ ಅಷ್ಟೇ. ಇನ್ಸುಲಿನ್ ಪೆನ್ನೂ ಟ್ರಾಲಿಯಲ್ಲೇ. ಯಾಕೆಂದರೆ ಸೂಜಿ ನೋಡಿದರೆ ಸೆಕ್ಯೂರಿಟಿಯವರು ಒಳಗೆ ಬಿಡಲ್ಲ ಅಂತ ಯಾರೋ ಹೇಳಿದ್ದರು. ಈ ತಪ್ಪು ತಿಳಿವಳಿಕೆ ಬಹಳ ಜನಕ್ಕಿದೆ. ಡಾಕ್ಟರ ಚೀಟಿ ಜೊತೆಗಿದ್ದರೆ ಇನ್ಸುಲಿನ್, ಅದರ ಸೂಜಿ ಎರಡನ್ನೂ ಕೈಯಲ್ಲಿ ಒಯ್ಯಬಹುದು. ಒಯ್ಯಲೇಬೇಕು ಕೂಡ. ವಿಮಾನದ ಹೊಟ್ಟೆಯೊಳಗಿನ ಚಳಿಗೆ ಇನ್ಸುಲಿನ್ ಹೆಪ್ಪುಗಟ್ಟಿದರೆ ಅದು ಕೆಲಸಕ್ಕೆ ಬರಲ್ಲ.

ಒಂದು ಸಲ ಎರಡು ವಿಮಾನ ಬದಲಿಸಿ ಹೋಗಬೇಕಿತ್ತು. ಅಕ್ಕ ಇಳಿದರು, ಟ್ರಾಲಿ ಇಳಿಯಲಿಲ್ಲ. ಬೆಲ್ಟು ಖಾಲಿ ಸುತ್ತಿ ಸುತ್ತಿ ನಿಂತಿತು. ಕೌಂಟರಿನಲ್ಲಿ ದೂರು ಬರೆಸಿಕೊಂಡರು, ನಾಳೆ ಬರುತ್ತೆ ಅಂದರು. ಮರುದಿನ ಬೆಳಿಗ್ಗೆ ಹತ್ತಕ್ಕೆ ಗಿರಾಕಿಯ ಭೇಟಿ. ಬಟ್ಟೆ ಟ್ರಾಲಿಯಲ್ಲಿ, ಬೇಳೆ ಟ್ರಾಲಿಯಲ್ಲಿ, ಔಷಧಿ ಟ್ರಾಲಿಯಲ್ಲಿ.

ರಾತ್ರಿ ನನಗೆ ಫೋನ್ ಬಂತು. ಮೆಡಿಕಲ್ ಅಂಗಡಿಯವನು ಚೀಟಿ ಇಲ್ಲದೆ ಇನ್ಸುಲಿನ್ ಕೊಡಲ್ಲ ಅಂತಾನೆ. ಇಲ್ಲಿ ಡಾಕ್ಟರನ್ನು ಎಬ್ಬಿಸಿ, ಚೀಟಿ ಬರೆಸಿ, ಫೋಟೋ ಕಳಿಸಿದ್ದಾಯಿತು. ಅದೊಂದು ಬಗೆಹರಿಯಿತು. ಬೆಳಿಗ್ಗೆ ಮಾತ್ರ ಅಕ್ಕ ಬೇಳೆ ಇಲ್ಲದೆ ಬೇಳೆ ಮಾರಲು ಹೋದರು. ಗಿರಾಕಿ ಚಹಾ ಕುಡಿಸಿದ, ಸ್ಯಾಂಪಲ್ ಕಳಿಸಿ ನೋಡೋಣ ಅಂದ. ಟ್ರಾಲಿ ಆವತ್ತು ಸಂಜೆ ಬಂತು. ಅಷ್ಟರೊಳಗೆ ದರ ಏರುಪೇರಾಗಿ ಆ ವಾರದ ಆರ್ಡರ್ ಬೇರೆಯವರ ಪಾಲಾಗಿತ್ತು.

ಒಂದು ಕೆಲಸ ಮಾತ್ರ ಅಕ್ಕ ಸರಿಯಾಗಿ ಮಾಡಿದ್ದರು. ನಿಲ್ದಾಣ ಬಿಟ್ಟು ಹೊರಗೆ ಬರುವ ಮೊದಲೇ ಲಿಖಿತ ದೂರು ಬರೆಸಿದ್ದರು. ಅದಕ್ಕೆ ಪಿಐಆರ್ ಅಂತಾರೆ. ಅದರ ನಂಬರ್ ಇಲ್ಲದೆ ಮುಂದಿನ ಯಾವ ಮಾತಿಗೂ ಕಿಮ್ಮತ್ತಿಲ್ಲ. ಹೊರಗೆ ಬಂದಮೇಲೆ ಫೋನಿನಲ್ಲಿ ಜಗಳ ಮಾಡಿ ಪ್ರಯೋಜನ ಇಲ್ಲ.

ಮೊದಲ ಉಪಾಯ: ಎಲ್ಲಾ ಕೈಯಲ್ಲೇ

ಇನ್ನು ಮೇಲೆ ಚೆಕ್-ಇನ್ನೇ ಬೇಡ ಅಂತ ಅಕ್ಕ ತೀರ್ಮಾನಿಸಿದರು. ಕ್ಯಾಬಿನ್ ಸೈಜಿನ ಗಟ್ಟಿ ಟ್ರಾಲಿ ಕೊಂಡರು. ಎಲ್ಲವನ್ನೂ ಅದಕ್ಕೇ ತುರುಕಿದರು. ದೇಶದೊಳಗಿನ ಎಕಾನಮಿ ಟಿಕೆಟ್ಟಿಗೆ ಸಾಮಾನ್ಯವಾಗಿ ಒಂದೇ ಕೈಚೀಲ, 7 ಕಿಲೋ, ಅಳತೆ 55, 35, 25 ಸೆಂಟಿಮೀಟರ್. ಹೆಂಗಸರ ಪರ್ಸು ಅದರ ಲೆಕ್ಕಕ್ಕೆ ಬರಲ್ಲ. ಅಳತೆ ಸರಿ ಇತ್ತು. ತೂಕದ ಕಡೆ ಯಾರೂ ನೋಡಲಿಲ್ಲ, ಯಾಕೆಂದರೆ ಮೊದಲ ಕೆಲವು ಸಲ ನಿಲ್ದಾಣದಲ್ಲೂ ಯಾರೂ ತೂಗಲಿಲ್ಲ.

ತೂಕಕ್ಕಿಂತ ಮೊದಲು ತೊಂದರೆ ಕೊಟ್ಟದ್ದು ಸೆಕ್ಯೂರಿಟಿ. ತೊಗರಿ ಚೀಲಕ್ಕೆ ಚುಚ್ಚಿ ಕಾಳು ಹೊರತೆಗೆಯುವ ಮೊನಚು ಕಬ್ಬಿಣದ ಕೊಳವೆ ಇರುತ್ತದಲ್ಲ, ಗಂಜಿನಲ್ಲಿ ಎಲ್ಲರ ಕೈಯಲ್ಲೂ ನೋಡಿರುತ್ತೀರಿ. ಅಂಥದ್ದೊಂದು ಟ್ರಾಲಿಯ ಹೊರಜೇಬಿನಲ್ಲಿ ಮಲಗಿತ್ತು. ಮಷೀನಿನ ಪರದೆ ಮೇಲೆ ಅದು ಹೇಗೆ ಕಂಡಿರಬೇಕು ಅಂತ ನೀವೇ ಊಹಿಸಿ. ಇದು ಕಾಳು ನೋಡುವ ಸಾಮಾನು ಅಂತ ಅಕ್ಕ ವಿವರಿಸಿದರು. ಕೊಳವೆ ಅಲ್ಲೇ ಉಳಿಯಿತು, ಅಕ್ಕ ಮುಂದೆ ಹೋದರು.

ಇನ್ನೊಂದು ಸಲ ಶೇಂಗಾ ಹಿಂಡಿ, ಅಂದರೆ ಶೇಂಗಾ ಚಟ್ನಿಪುಡಿ. ಖಡಕ್ ರೊಟ್ಟಿ ಇದ್ದಮೇಲೆ ಹಿಂಡಿ ಇಲ್ಲದೆ ಆಗುತ್ತಾ? ಅರ್ಧ ಕಿಲೋ ಡಬ್ಬಿಯಲ್ಲಿ, ಖಾರ ಮುಂದಾಗಿಯೇ ಇತ್ತು. ಖಾರದ ಪುಡಿ, ಮಸಾಲೆ ಪುಡಿ, ಉಪ್ಪಿನಕಾಯಿ ಇವನ್ನೆಲ್ಲ ಕೈಚೀಲದಲ್ಲಿ ತಡೆಯುತ್ತಾರೆ. ಪುಡಿಯನ್ನು ಕಣ್ಣಿಗೆ ಎರಚಬಹುದು ಅನ್ನೋದು ಅವರ ಅನುಮಾನ. ಅನುಮಾನದಲ್ಲಿ ಅರ್ಥ ಇಲ್ಲ ಅನ್ನಲಾರೆ. ಒಣ ಕೊಬ್ಬರಿಯದ್ದೂ ಇದೇ ತಕರಾರು, ಎಣ್ಣೆ ಅಂಶ ಜಾಸ್ತಿ ಇರುವುದರಿಂದ ಬೇಗ ಉರಿಯುತ್ತದೆ. ರೊಟ್ಟಿಗೆ ಯಾರೂ ಬೇಡ ಅನ್ನಲಿಲ್ಲ. ಬೇಳೆಯ ಪೊಟ್ಟಣಗಳನ್ನು ಬಿಚ್ಚಿ ನೋಡಿ ವಾಪಸ್ ಕೊಟ್ಟರು.

ಆಮೇಲೆ ಆ ದಿನ ಬಂತು. ವಿಮಾನ ತುಂಬಿತ್ತು. ಬೋರ್ಡಿಂಗ್ ಗೇಟಿನ ಹತ್ತಿರ ತೂಕದ ಯಂತ್ರ ಇಟ್ಟುಕೊಂಡು ನಿಂತಿದ್ದರು. ಅಕ್ಕನ ಟ್ರಾಲಿ ಹನ್ನೊಂದು ಕಿಲೋ ದಾಟಿತು. ದುಡ್ಡು ಕಟ್ಟಿಸಿಕೊಂಡು, ಚೀಟಿ ಕಟ್ಟಿ, ಇದು ಕೆಳಗೆ ಹೋಗುತ್ತೆ ಮೇಡಂ ಅಂದರು. ಒಳಗೆ ಪವರ್ ಬ್ಯಾಂಕ್ ಇದೆಯಾ ಅಂತ ಕೇಳಿದರು. ಇತ್ತು. ಪವರ್ ಬ್ಯಾಂಕನ್ನು ಕೆಳಗಿನ ಸಾಮಾನಿನಲ್ಲಿ ಹಾಕುವಂತೆಯೇ ಇಲ್ಲ. ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತಿದರೆ ಮೇಲೆ ಕೂತವರ ಕಣ್ಣಿಗೆ ಬಿದ್ದು ನಂದಿಸಬಹುದು, ಕೆಳಗಾದರೆ ಗೊತ್ತೇ ಆಗಲ್ಲ. ಸರಿ, ಇಡೀ ಸಾಲು ನೋಡುತ್ತಿರುವಾಗ ನೆಲದ ಮೇಲೆ ಟ್ರಾಲಿ ತೆರೆದು, ಸೀರೆ ಸರಿಸಿ, ರೊಟ್ಟಿ ಡಬ್ಬಿ ಎತ್ತಿ, ಪವರ್ ಬ್ಯಾಂಕ್ ಹುಡುಕಿ ತೆಗೆದರು. ಹಿಂದಿನವರು ಗೊಣಗುತ್ತಿದ್ದರು. ಆ ಗಡಿಬಿಡಿಯಲ್ಲಿ ಇನ್ಸುಲಿನ್ ಪೆಟ್ಟಿಗೆ ಒಳಗೇ ಉಳಿಯಿತು.

ಈ ಸಲ ಟ್ರಾಲಿ ಜೊತೆಗೇ ಬಂತು. ಆದರೆ ಇನ್ಸುಲಿನ್ ಸರಿ ಇದೆಯಾ? ನೋಡಿದರೆ ಏನೂ ವ್ಯತ್ಯಾಸ ಇಲ್ಲ. ಡಾಕ್ಟರಿಗೆ ಫೋನ್ ಮಾಡಿದರೆ, ಹೆಪ್ಪುಗಟ್ಟಿ ಕರಗಿದ್ದು ನೋಡಿದರೆ ಗೊತ್ತಾಗಲ್ಲ, ಅನುಮಾನ ಇದ್ದರೆ ಎಸೆದುಬಿಡಿ ಅಂದರು. ಎಸೆದು ಹೊಸದು ಕೊಂಡರು.

ಈ ಪ್ರಕರಣ ತಿರುಗಿದ್ದು ಇಲ್ಲೇ ಅಂತ ನನಗನಿಸುತ್ತದೆ. ಚೆಕ್-ಇನ್ ಮಾಡಿದಾಗ ಆದದ್ದೂ ಅದೇ, ಮಾಡದಿದ್ದಾಗ ಆದದ್ದೂ ಅದೇ. ಕೈಚೀಲ ಕೊನೆತನಕ ಕೈಯಲ್ಲೇ ಇರುತ್ತದೆ ಅನ್ನುವ ಭರವಸೆ ಇಲ್ಲ. ತೂಕ ಜಾಸ್ತಿಯಾದರೆ ಕಿತ್ತುಕೊಳ್ಳುತ್ತಾರೆ, ತೂಕ ಸರಿ ಇದ್ದರೂ ಮೇಲಿನ ಗೂಡು ತುಂಬಿದ್ದರೆ ಕಿತ್ತುಕೊಳ್ಳುತ್ತಾರೆ. ಚಿಕ್ಕ ವಿಮಾನಗಳಲ್ಲಿ ಇದು ಇನ್ನೂ ಜಾಸ್ತಿ. ಐವತ್ತು ಸೀಟಿನ ಎಂಬ್ರೇರ್ 145 ಇದೆಯಲ್ಲ, ಒಂದು ಕಡೆ ಒಂದು ಸೀಟು, ಇನ್ನೊಂದು ಕಡೆ ಎರಡು. ಮೇಲಿನ ಗೂಡು ಇರೋದು ಎರಡು ಸೀಟಿನ ಕಡೆ ಮಾತ್ರ, ಅದೂ ಸಣ್ಣದು. ಗಟ್ಟಿ ಟ್ರಾಲಿ ಅದರೊಳಗೆ ಕೂರೋದು ಕಷ್ಟ.

ನಡುವೆ ಅಕ್ಕನ ಮಗ ಇಂಟರ್‌ನೆಟ್ಟಿನಿಂದ ಒಂದು ಪಟ್ಟಿ ತೆಗೆದುಕೊಟ್ಟ. ಕುತ್ತಿಗೆ ದಿಂಬು, ಕಣ್ಣುಪಟ್ಟಿ, ಬಟ್ಟೆ ಜೋಡಿಸುವ ಜಿಪ್ ಚೀಲಗಳು, ಮಡಚುವ ಹ್ಯಾಂಗರ್. ಎಲ್ಲಾ ಕೊಂಡರು. ತೂಕ ಇಳಿಯುವ ಬದಲು ಏರಿತು. ಹ್ಯಾಂಗರ್ ಈಗ ಆಫೀಸಿನಲ್ಲಿದೆ, ಅದಕ್ಕೆ ನನ್ನ ರೇನ್‌ಕೋಟ್ ನೇತುಹಾಕುತ್ತೇನೆ.

ಕಾಟಾದ ಮೇಲೆ

ಒಂದು ಶನಿವಾರ ಮಧ್ಯಾಹ್ನ ಟ್ರಾಲಿಯನ್ನು ಆಫೀಸಿನ ದೊಡ್ಡ ಮೇಜಿನ ಮೇಲೆ ಸುರಿದೆವು. ಸ್ಯಾಂಪಲ್ ತೂಗುವ ಚಿಕ್ಕ ಕಾಟಾ ಇತ್ತು, ಅದರ ಮೇಲೆ ಒಂದೊಂದೇ ಇಟ್ಟು ಬರೆದುಕೊಂಡೆವು.

ಖಾಲಿ ಟ್ರಾಲಿಯೇ 3.1 ಕಿಲೋ. ಅಂದರೆ ಒಂದು ಕರವಸ್ತ್ರ ಇಡುವ ಮೊದಲೇ ಹತ್ತಿರ ಹತ್ತಿರ ಅರ್ಧ ಲೆಕ್ಕ ಮುಗಿದಿತ್ತು. ಲ್ಯಾಪ್‌ಟಾಪ್ ಮತ್ತು ಚಾರ್ಜರ್ 2.2. ಬೇಳೆ ಕಾಲು ಕಿಲೋದ ಎಂಟು ಪೊಟ್ಟಣ, 2 ಕಿಲೋ. ಬಟ್ಟೆ 1.8. ರೊಟ್ಟಿ, ಹೋಳಿಗೆ ಡಬ್ಬಿ ಸಮೇತ 0.9. ಔಷಧಿ, ಗ್ಲೂಕೋಮೀಟರ್ 0.6. ಡೈರಿ, ದರಪಟ್ಟಿ, ಲ್ಯಾಬ್ ರಿಪೋರ್ಟುಗಳ ಫೈಲು 0.7. ಒಟ್ಟು 11.3.

ಏನು ಬಿಡಬೇಕು ಅಂತ ಚರ್ಚೆ ಶುರುವಾಯಿತು. ಅಕ್ಕ ಪ್ರತಿಯೊಂದಕ್ಕೂ ಕಾರಣ ಹೇಳುತ್ತಿದ್ದರು. ಕಾರಣ ಎಲ್ಲದಕ್ಕೂ ಇರುತ್ತದೆ. ಯಾವುದು ಜಾಸ್ತಿ ಬಳಸುತ್ತೀರಿ ಅಂತ ನಾನು ಕೇಳಿದೆ, ಅದರಿಂದಲೂ ದಾರಿ ಸಿಗಲಿಲ್ಲ. ಟೂತ್‌ಪೇಸ್ಟ್ ದಿನಾ ಬಳಸುತ್ತಾರೆ, ಲ್ಯಾಬ್ ರಿಪೋರ್ಟ್ ಎಂದೋ ಒಮ್ಮೆ.

ಆಗ ಪಕ್ಕದಲ್ಲಿ ಲೆಕ್ಕ ಬರೆಯುತ್ತಿದ್ದ ಹಳೇ ಮುನೀಮರು ತಲೆ ಎತ್ತಿದರು. ಅವರು ವಿಮಾನ ಹತ್ತಿದವರಲ್ಲ. ಮೇಜಿನ ಮೇಲಿದ್ದ ಶಾಂಪೂ ಬಾಟಲಿ ಕಡೆ ಬೆರಳು ಮಾಡಿ ಕೇಳಿದರು.

“ಅಕ್ಕೋರೆ, ಇದು ಆ ಊರಾಗ ಸಿಗಂಗಿಲ್ಲೇನ್ರಿ?”

ಎಲ್ಲರೂ ನಕ್ಕೆವು. ಆದರೆ ಅದನ್ನೇ ಹಿಡಿದುಕೊಂಡು ಮೇಜಿನ ಮೇಲಿನ ಸಾಮಾನನ್ನು ಎರಡು ಪಾಲು ಮಾಡಿದೆವು. ಬೆಳಗಿನ ಭೇಟಿಗೆ ಮುಂಚೆ ಆ ಊರಲ್ಲಿ ಕೊಳ್ಳಬಹುದಾದದ್ದು ಒಂದು ಕಡೆ. ಎಷ್ಟು ದುಡ್ಡು ಕೊಟ್ಟರೂ ಸಿಗದ್ದು ಇನ್ನೊಂದು ಕಡೆ. ಸಿಗದ್ದು ಅನ್ನುವ ಪಾಲು ಆಶ್ಚರ್ಯ ಆಗುವಷ್ಟು ಚಿಕ್ಕದಿತ್ತು. ನಮ್ಮ ಮಿಲ್ಲಿನ ಬೇಳೆ. ಲ್ಯಾಪ್‌ಟಾಪ್. ಇನ್ಸುಲಿನ್ ಮತ್ತು ಡಾಕ್ಟರ ಚೀಟಿ. ಅಕ್ಕನ ನಂಬರಿನ ಕನ್ನಡಕ. ಅವರ ಅಳತೆಗೆ ಹೊಲಿಸಿದ ರವಿಕೆ. ಗುರುತಿನ ಚೀಟಿ. ಅಷ್ಟೇ.

ರವಿಕೆ ವಿಷಯ ಬೇರೆಯವರಿಗೆ ತಮಾಷೆ ಅನಿಸಬಹುದು. ಸೀರೆ ಯಾವ ಊರಲ್ಲಾದರೂ ಒಂದು ತಾಸಿನಲ್ಲಿ ಸಿಗುತ್ತದೆ, ಮೈಗೆ ಕೂರುವ ರವಿಕೆ ಸಿಗಲ್ಲ. ಗಂಡಸರು ಬರೆದ ಪಟ್ಟಿಗಳಲ್ಲಿ ಇದು ಯಾಕೆ ಇರಲ್ಲ ಅಂತ ಹೇಳಬೇಕಿಲ್ಲ.

ಜಾಸ್ತಿ ಜಗ್ಗಾಟ ಆದದ್ದು ಬೇಳೆಯ ಮೇಲೆ. “ಮುಟಗಿ ತುಂಬ ಬ್ಯಾಳಿ ಕೊಡಲಿಲ್ಲಂದ್ರ ಯಾಂವ ತಗೋತಾನ?” ಅಂತ ಅಕ್ಕ ಪಟ್ಟು ಹಿಡಿದರು. ಅದೂ ನಿಜ. ಮಿಲ್ಲಿನ ಸಾವ್ಕಾರರನ್ನು ಕೇಳಿದೆವು. ಅವರು ಒಂದು ಮಾತು ಕೇಳಿದರು, ಗಿರಾಕಿ ಬೇಳೆಯನ್ನು ಎರಡು ಸಲ ನೋಡುತ್ತಾನಲ್ಲ, ಒಂದು ತಟ್ಟೆಯಲ್ಲಿ, ಒಂದು ಕುಕ್ಕರಿನಲ್ಲಿ, ಎರಡೂ ಒಂದೇ ದಿನ ಆಗಬೇಕಾ ಅಂತ. ಅಲ್ಲಿಗೆ ದಾರಿ ಸಿಕ್ಕಿತು. ಬೇಯಿಸಿ ನೋಡುವ ಕಾಲು ಕಿಲೋ ಪೊಟ್ಟಣಗಳು ನಾಲ್ಕೈದು ದಿನ ಮೊದಲೇ ಕೊರಿಯರ್‌ನಲ್ಲಿ ಹೋಗಬೇಕು. ಕೈಯಲ್ಲಿ ಒಯ್ಯೋದು ತಟ್ಟೆಯಲ್ಲಿ ಹರಡಿ ತೋರಿಸುವಷ್ಟು, 100 ಗ್ರಾಮಿನ ಎಂಟು ಪೊಟ್ಟಣ, ಮೇಲ್ದರ್ಜೆಯ ಫಟ್ಕಾ ಬೇಳೆಯಿಂದ ಹಿಡಿದು ಕೆಳಗಿನ ನಂಬರುಗಳ ತನಕ. ಕೊರಿಯರ್ ತಲುಪದಿದ್ದರೂ ಭೇಟಿ ನಿಲ್ಲಲ್ಲ, ಕೈಯಲ್ಲಿದ್ದದ್ದು ಹೋದರೂ ಗಿರಾಕಿಯ ಹತ್ತಿರ ಒಂದು ಪೊಟ್ಟಣ ಇದ್ದೇ ಇರುತ್ತದೆ.

ಉಳಿದದ್ದೆಲ್ಲ ಬೇಗ ಆಯಿತು. ಚಕ್ರದ ಟ್ರಾಲಿ ಬಿಟ್ಟು 1.1 ಕಿಲೋದ ಬಟ್ಟೆ ಬ್ಯಾಗು. ಬ್ಯಾಗು ಮೆತ್ತಗಿದ್ದರೆ ಮುಂದಿನ ಸೀಟಿನ ಕೆಳಗೂ ತುರುಕಬಹುದು. ಚಿಕ್ಕ ಚಾರ್ಜರ್ ಹಾಕಿ ಲ್ಯಾಪ್‌ಟಾಪ್ ಲೆಕ್ಕ 2 ಕಿಲೋಗೆ ಇಳಿಯಿತು. ಭೇಟಿಗೆ ಹೋಗಬಹುದಾದ ಸೀರೆಯನ್ನೇ ಉಟ್ಟು ಪ್ರಯಾಣ, ಚೀಲದಲ್ಲಿ ಇನ್ನೊಂದು ದಿನದ ಬಟ್ಟೆ ಮಾತ್ರ, 0.9. ಚಳಿಗಾಲದ ಉತ್ತರಕ್ಕೆ ಬೇಕಾದ ಸ್ವೆಟರ್ ಮೈಮೇಲೆ. ಕಲಬುರಗಿಯಲ್ಲಿ ಬೆವರು ಬರುತ್ತೆ ಅಂತ ಅಕ್ಕ ಬೈದರು, ಆದರೂ ಹಾಕಿಕೊಂಡರು. ಫೈಲಿನ ಕಾಗದವೆಲ್ಲ ಫೋನಿಗೆ, ಕೈಯಲ್ಲಿ ನಾಲ್ಕು ಹಾಳೆ. ರೊಟ್ಟಿ, ಶೇಂಗಾ ಹೋಳಿಗೆ ತೆಳು ಡಬ್ಬಿಯಲ್ಲಿ 0.4. ಹಿಂಡಿ ಮನೆಯಲ್ಲೇ. ನೀರಿನ ಬಾಟಲಿ ಖಾಲಿ, ಒಳಗೆ ಹೋದಮೇಲೆ ತುಂಬಿಸಿಕೊಳ್ಳೋದು. ಔಷಧಿ ಸೇರಿಸಿ ಎಲ್ಲಾ ಕೂಡಿದರೆ 6.2 ಕಿಲೋ ಬಂತು.

ಔಷಧಿ ಈ 6.2ರಲ್ಲಿ ಇದ್ದರೂ ಅದರ ಜಾಗ ಬ್ಯಾಗಲ್ಲ. ಅಕ್ಕನ ಪರ್ಸನ್ನು ಬದಲಿಸಿ ಹೆಗಲಿಗೆ ಅಡ್ಡ ಹಾಕುವ ಚೀಲ ತಂದೆವು. ಇನ್ಸುಲಿನ್, ಸೂಜಿ, ಚೀಟಿ, ಗ್ಲೂಕೋಸ್ ಪುಡಿಯ ಚಿಕ್ಕ ಪೊಟ್ಟಣ, ಫೋನು, ಪವರ್ ಬ್ಯಾಂಕ್, ಆಧಾರ್, ಕನ್ನಡಕ, ಫಟ್ಕಾ ಬೇಳೆಯ ಒಂದು ಪೊಟ್ಟಣ ಅದರಲ್ಲಿ. ಗೇಟಿನಲ್ಲಿ ಬ್ಯಾಗು ಕೇಳಿದರೆ ತೆರೆಯದೆ ಕೊಟ್ಟುಬಿಡುವಂತಿರಬೇಕು ಅನ್ನೋದು ಅಕ್ಕನದೇ ನಿಯಮ. ಲ್ಯಾಪ್‌ಟಾಪ್ ಒಂದನ್ನು ಎಳೆದುಕೊಂಡರೆ ಸಾಕು, ಅದಕ್ಕೆ ಮೇಲಿನ ಜಿಪ್ಪು.

ಪವರ್ ಬ್ಯಾಂಕಿನ ಬಗ್ಗೆ ಒಂದು ಲೆಕ್ಕ. 100 ವಾಟ್-ಅವರ್ ಒಳಗಿದ್ದರೆ ಸಾಮಾನ್ಯವಾಗಿ ಯಾರನ್ನೂ ಕೇಳಬೇಕಿಲ್ಲ. 20,000 ಎಂಎಎಚ್‌ನದ್ದು ಸುಮಾರು 74 ವಾಟ್-ಅವರ್ ಆಗುತ್ತದೆ. ಮೇಲೆ ಬರೆದ ಅಂಕಿ ಅಳಿಸಿಹೋಗಿದ್ದರೆ ತಕರಾರು ಮಾಡುತ್ತಾರೆ. ಅಕ್ಕನ ಹಳೆಯದು ಹಾಗೇ ಆಗಿತ್ತು, ಬದಲಿಸಿದೆವು.

ಬಿಸಿಲು ಮತ್ತು ಇನ್ಸುಲಿನ್

ಚೀಲದ ತೂಕ ಇಳಿದರೂ ಕಾರಿನ ಅರ್ಧ ದಿನ ಹಾಗೇ ಉಳಿಯಿತು. ಮೇ ತಿಂಗಳಲ್ಲಿ ನಮ್ಮಲ್ಲಿ ಬಿಸಿಲು 42, 43 ಅನ್ನೋದು ಮಾಮೂಲು. ಚಹಾಕ್ಕೆ ಅಂತ ಹುಮನಾಬಾದಿನಲ್ಲಿ ಕಾರು ನಿಲ್ಲಿಸಿ ಬಾಗಿಲು ಹಾಕಿದರೆ ಒಳಗೆ ಕಾವಲಿ ಕಾದ ಹಾಗೆ. ಬಳಕೆಯಲ್ಲಿರುವ ಪೆನ್ನನ್ನು 30 ಡಿಗ್ರಿಯೊಳಗೆ ಇಟ್ಟರೆ ಸಾಮಾನ್ಯವಾಗಿ ನಾಲ್ಕು ವಾರ ಬರುತ್ತದೆ, ಅದಕ್ಕಿಂತ ಕಾದರೆ ಕಸುವು ಕಳೆದುಕೊಳ್ಳುತ್ತದೆ. ತೆರೆಯದ ಪೆನ್ನಿಗೆ ಫ್ರಿಜ್ಜಿನ 2ರಿಂದ 8 ಡಿಗ್ರಿ ಬೇಕು.

ಮೊದಲು ಐಸ್ ಜೆಲ್ ಇಟ್ಟು ನೋಡಿದರು. ಅದು ಪೆನ್ನಿಗೆ ತಾಗಿದರೆ ಹೆಪ್ಪುಗಟ್ಟುವ ಭಯ, ಸೆಕ್ಯೂರಿಟಿಯಲ್ಲಿ ಪ್ರಶ್ನೆ ಬೇರೆ. ಆಮೇಲೆ ನೀರಲ್ಲಿ ನೆನೆಸಿದರೆ ತಂಪಾಗುವ ಬಟ್ಟೆಯ ಚೀಲ ತರಿಸಿದರು. ನೀರು ಆರುತ್ತಾ ಆರುತ್ತಾ ಒಳಗೆ ತಂಪು ಹಿಡಿಯುತ್ತದೆ. ಕಲಬುರಗಿಯ ಒಣ ಬಿಸಿಲಿಗೆ ಇದು ಹೇಳಿ ಮಾಡಿಸಿದ್ದು. ಎಷ್ಟು ಸುಡುತ್ತದೋ ಅಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ.

ಅದನ್ನೇ ಮಳೆಗಾಲದಲ್ಲಿ ಕೋಲ್ಕತ್ತಾಗೆ ಒಯ್ದರು. ಅಲ್ಲಿ ಗಾಳಿಯೇ ಒದ್ದೆ. ನೀರು ಆರಲೇ ಇಲ್ಲ, ಚೀಲ ಜೋತುಬಿದ್ದ ಒದ್ದೆ ಬಟ್ಟೆಯಾಗಿ ಉಳಿಯಿತು, ಪರ್ಸಿನೊಳಗಿನ ವಿಸಿಟಿಂಗ್ ಕಾರ್ಡುಗಳೂ ತೊಯ್ದವು. ಮುಂಬೈ, ಚೆನ್ನೈಗೂ ಇದೇ ಮಾತು. ಈಗ ಕರಾವಳಿಯ ಊರುಗಳಿಗೆ ಹೊರಟರೆ ಚಿಕ್ಕ ಸ್ಟೀಲ್ ಫ್ಲಾಸ್ಕ್. ಅದರಲ್ಲಿ ಮೊದಲು ತಣ್ಣೀರು ತುಂಬಿಟ್ಟು, ಚೆಲ್ಲಿ, ಒರೆಸಿ, ಪೆನ್ನನ್ನು ಒಣ ಬಟ್ಟೆಯಲ್ಲಿ ಸುತ್ತಿ ಇಡುತ್ತಾರೆ.

ಮಂಜಿನ ರಾತ್ರಿ

ಹೊಸ ವ್ಯವಸ್ಥೆ ನಿಜವಾಗಿ ಪರೀಕ್ಷೆಗೆ ಬಿದ್ದದ್ದು ಒಂದು ಜನವರಿಯಲ್ಲಿ. ಉತ್ತರದ ಒಂದು ಊರಿನಿಂದ ಇನ್ನೊಂದು ಊರಿಗೆ ಸಂಜೆ ವಿಮಾನ. ಗೇಟಿನಲ್ಲಿ, ಮೇಲೆ ಜಾಗ ಇಲ್ಲ ಅಂತ ಬ್ಯಾಗುಗಳನ್ನು ತೆಗೆದುಕೊಳ್ಳುತ್ತಿದ್ದರು. ಅಕ್ಕ ಲ್ಯಾಪ್‌ಟಾಪ್ ಎಳೆದುಕೊಂಡು ಬ್ಯಾಗು ಕೊಟ್ಟರು. ಸಾಲಿನಲ್ಲಿ ಬೇರೆ ಯಾರೋ ನೆಲದ ಮೇಲೆ ಸೂಟ್‌ಕೇಸ್ ತೆರೆದು ಕೂತಿದ್ದರಂತೆ.

ಊಟ ವಿಮಾನದಲ್ಲಿ ಕೊಡುತ್ತಾರೆ ಅಂತ, ಹತ್ತುವ ಹೊತ್ತಿಗೆ ಸರಿಯಾಗಿ ಇನ್ಸುಲಿನ್ ತಗೊಂಡಿದ್ದರು. ಬಾಗಿಲು ಹಾಕಿದರು. ವಿಮಾನ ಹೊರಡಲಿಲ್ಲ. ಮಂಜಿಗೆ ರನ್‌ವೇ ಕಾಣುತ್ತಿಲ್ಲ, ಸರದಿಯಲ್ಲಿದ್ದೇವೆ ಅಂತ ಘೋಷಣೆ. ಬೆಲ್ಟು ಬಿಚ್ಚಬೇಡಿ, ಊಟ ಹಾರಿದಮೇಲೆ. ಒಂದು ತಾಸು ಹೋಯಿತು. ಅಕ್ಕನಿಗೆ ಕೈ ನಡುಗತೊಡಗಿತು, ತಣ್ಣನೆ ಬೆವರು. ಸಕ್ಕರೆ ಇಳಿಯುತ್ತಿದೆ ಅಂತ ಗೊತ್ತಾಯಿತು. ಹೆಗಲ ಚೀಲದಿಂದ ಗ್ಲೂಕೋಸ್ ತೆಗೆದು ನೀರಲ್ಲಿ ಕಲಸಿ ಕುಡಿದರು. ಡಾಕ್ಟರು ಹೇಳಿಕೊಟ್ಟಂತೆ 15 ಗ್ರಾಮ್, 15 ನಿಮಿಷ ಕಾದು ಮತ್ತೆ ಪರೀಕ್ಷೆ. ಸರಿಯಾಯಿತು. ರೊಟ್ಟಿ, ಹೋಳಿಗೆ ಮಾತ್ರ ಬ್ಯಾಗಿನ ಜೊತೆ ಕೆಳಗೆ ಹೋಗಿತ್ತು. ಪಕ್ಕದ ಸೀಟಿನ ಹುಡುಗಿ ಬಿಸ್ಕತ್ತು ಕೊಟ್ಟಳು.

ಆಮೇಲೆ ಎರಡು ಬದಲಾವಣೆ ಆದವು. ಎರಡು ಶೇಂಗಾ ಹೋಳಿಗೆ ಹೆಗಲ ಚೀಲಕ್ಕೆ ಬಂದವು. ಮತ್ತು ಊಟದ ತಟ್ಟೆ ಕಣ್ಣಿಗೆ ಕಂಡಮೇಲೆಯೇ ಇನ್ಸುಲಿನ್ ಅಂತ ಡಾಕ್ಟರನ್ನು ಕೇಳಿ ತೀರ್ಮಾನಿಸಿದರು. ಎರಡನೆಯದು ಚೀಲದ ವಿಷಯವೇ ಅಲ್ಲ, ಆದರೆ ಅದಿಲ್ಲದೆ ಚೀಲ ಎಷ್ಟು ಚೆನ್ನಾಗಿದ್ದರೂ ಉಪಯೋಗ ಇರಲಿಲ್ಲ.

ಬೆಳಗಿನ ಭೇಟಿಗೆ ಅಕ್ಕ ಹಿಂದಿನ ದಿನದ ಸೀರೆಯಲ್ಲೇ ಹೋದರು. ಹೆಗಲ ಚೀಲದ ಫಟ್ಕಾ ಪೊಟ್ಟಣವನ್ನು ತಟ್ಟೆಗೆ ಸುರಿದರು. ಕೊರಿಯರ್‌ನಲ್ಲಿ ಹೋಗಿದ್ದ ಬೇಳೆಯನ್ನು ಗಿರಾಕಿ ಅಷ್ಟರಲ್ಲಿ ಬೇಯಿಸಿ ನೋಡಿದ್ದ. ಆರ್ಡರ್ ಬಂತು. ಬೇಳೆ ಚೆನ್ನಾಗಿದ್ದದ್ದಕ್ಕೆ ಬಂತು, ಚೀಲದಿಂದ ಬಂತು ಅಂತ ನಾನೇನೂ ಹೇಳಲ್ಲ.

ಬೇರೆಯವರು ಇದನ್ನು ಬಳಸುವುದಾದರೆ

ನಮ್ಮಲ್ಲೇ ಒಬ್ಬ ಹುಡುಗ ಅಕ್ಕನ ಪಟ್ಟಿಯನ್ನು ಹಾಗ್‌ಹಾಗೇ ನಕಲು ಮಾಡಿದ. ಅವನು ಹೋಗೋದು ಬರೀ ಬೆಂಗಳೂರಿಗೆ, ಬೆಳಗಿನ ವಂದೇ ಭಾರತ್‌ನಲ್ಲಿ. 2024ರ ಮಾರ್ಚ್‌ನಲ್ಲಿ ಆ ಗಾಡಿ ಶುರುವಾದಮೇಲೆ ನಮ್ಮ ಬೆಂಗಳೂರು ವ್ಯಾಪಾರವೆಲ್ಲ ಅದರ ಮೇಲೇ. ಅಲ್ಲಿ 7 ಕಿಲೋ ಲೆಕ್ಕವೇ ಇಲ್ಲ, ಬೇಳೆ ಕಾಲು ಕಿಲೋದ್ದೇ ಒಯ್ಯಬಹುದು, ಹಿಂಡಿಯನ್ನೂ ಒಯ್ಯಬಹುದು. ಅವನು ಸುಮ್ನೆ 100 ಗ್ರಾಮ್ ಪೊಟ್ಟಣ ಹಿಡಿದು ಹೋಗಿ ಗಿರಾಕಿಯ ಹತ್ತಿರ ಇಷ್ಟೇನಾ ಅನ್ನಿಸಿಕೊಂಡು ಬಂದ. ಪಟ್ಟಿ ಕೊಡೋದು ಸುಲಭ. ಮುನೀಮರು ಕೇಳಿದ ಪ್ರಶ್ನೆಯನ್ನು ತನ್ನ ಪ್ರಯಾಣಕ್ಕೆ ತಾನೇ ಕೇಳಿಕೊಂಡರೆ ಮಾತ್ರ ಉಪಯೋಗ.

ಖರ್ಚಿನ ಬಗ್ಗೆಯೂ ಹೇಳಬೇಕು, ಬಿಲ್ಲು ನೋಡೋದು ನಾನೇ ಅಲ್ವಾ. ಊರಲ್ಲಿ ಸಿಗುವುದನ್ನು ಅಲ್ಲೇ ಕೊಳ್ಳಿ ಅಂದರೆ ಆ ಬಿಲ್ಲನ್ನು ಆಫೀಸು ಒಪ್ಪಿಕೊಳ್ಳಬೇಕು. ಶಾಂಪೂ, ಪೇಸ್ಟು, ಛತ್ರಿ ಇವುಗಳ ಬಿಲ್ಲಿಗೆ ಸಾವ್ಕಾರರು ಮೊದಲು ಮೂಗು ಮುರಿದರು. ಗೇಟಿನಲ್ಲಿ ಕಟ್ಟಿದ ತೂಕದ ದುಡ್ಡಿನ ರಸೀದಿಗಳನ್ನು ಪಕ್ಕದಲ್ಲಿ ಇಟ್ಟೆ, ಸುಮ್ಮನಾದರು. ಕೊರಿಯರ್ ಖರ್ಚು ಮಾತ್ರ ಹೊಸದಾಗಿ ಸೇರಿದೆ, ಅದನ್ನು ಸ್ಯಾಂಪಲ್ ಖಾತೆಗೆ ಹಾಕುತ್ತೇವೆ.

ಇನ್ನೂ ಸರಿಹೋಗದ್ದು ವಾಪಸ್ ಬರುವ ದಾರಿ. ಹೋಗುವಾಗ 6.2 ಕಿಲೋ ಇದ್ದ ಬ್ಯಾಗು ಬರುವಾಗ ಹತ್ತಾಗುತ್ತದೆ. ಗಿರಾಕಿಗಳು ಮಿಠಾಯಿ ಡಬ್ಬ ಕೊಡುತ್ತಾರೆ, ಶಾಲು ಹೊದಿಸುತ್ತಾರೆ, ಬೇರೆ ಮಿಲ್ಲಿನ ಬೇಳೆಯ ಪೊಟ್ಟಣ ಕೊಟ್ಟು ಇಂಥದ್ದು ಮಾಡಿಕೊಡ್ತೀರಾ ಅಂತ ಕೇಳುತ್ತಾರೆ. ಬೇಡ ಅನ್ನಲು ಆಗಲ್ಲ. ಕೆಲವು ದಿನ ಅದಕ್ಕೂ ಉಪಾಯ ಹುಡುಕಿದೆವು. ಆಮೇಲೆ ಅಕ್ಕನೇ ಹುಡುಕೋದು ಬಿಟ್ಟರು. ಬರುವಾಗ ಬ್ಯಾಗನ್ನು ಚೆಕ್-ಇನ್ ಮಾಡಿಬಿಡುತ್ತಾರೆ, ಟಿಕೆಟ್ಟಿನಲ್ಲಿ ಹೇಗೂ 15 ಕಿಲೋ ಇರುತ್ತದೆ. ಹೆಗಲ ಚೀಲ, ಲ್ಯಾಪ್‌ಟಾಪ್ ಕೈಯಲ್ಲಿ. ಶಂಶಾಬಾದಿನಲ್ಲಿ ಇಳಿದಾಗ ಬ್ಯಾಗು ಬಂದಿದ್ದರೆ ಸರಿ, ಬರದಿದ್ದರೆ ಪಿಐಆರ್ ಬರೆಸಿ ಕಾರು ಹತ್ತುತ್ತಾರೆ.